ಗೋಡೆಯ ಮೇಲೆ ನಡೆಯುವ ಲೂಕ್ಷಾ

ರಿಯೆಕಾ
14 ಸೆಪ್ಟೆಂಬರ್ 1998

ಅತ್ತೆ,

ನಾಲ್ಕು ವರ್ಷಗಳ ಮೇಲೆ ನನ್ನ ಕೈಬರಹ ಕಂಡು ಲಕೋಟೆಯನ್ನು ಹಾಗೆಯೇ ಒಲೆಗೆ ಹಾಕುತ್ತೀರೇನೋ ಎಂಬ ಭಯದಲ್ಲೇ ಬರೆಯುತ್ತಿದ್ದೇನೆ. ಒಡೆದಿದ್ದರೆ ದಯವಿಟ್ಟು ಪೂರ್ತಿ ಓದಿ.

ನಾನು ಮತ್ತೆ ಮದುವೆಯಾಗಬೇಕೆಂದಿದ್ದೇನೆ. ಅವನ ಹೆಸರು ಫ್ರಾನೆ. ಇಲ್ಲಿನ ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಾನೆ. ಮಾತು ಕಡಿಮೆ, ಕುಡಿತ ಇನ್ನೂ ಕಡಿಮೆ. ನಿಮ್ಮ ಮಗ ಲೂಕ್ಷಾನ ವಿಷಯ ಎಲ್ಲವನ್ನೂ ಹೇಳಿದ್ದೇನೆ. ಹಡಗು ಅಟ್ಲಾಂಟಿಕ್ಕಿನಲ್ಲಿ ಮುಳುಗಿದ್ದು, ಒಬ್ಬನೂ ಉಳಿಯದೆ ಹೋದದ್ದು, ನಮ್ಮ ಊರಿಗೆ ಗುಂಡು ಬೀಳುತ್ತಿದ್ದ ಆ ಚಳಿಗಾಲದಲ್ಲಿ ಸುದ್ದಿ ನಮಗೆ ಎಷ್ಟೋ ದಿನ ತಡವಾಗಿ ತಲುಪಿದ್ದು, ಎಲ್ಲ.

ಸರ್ಕಾರದ ಪ್ರಕಾರ ನಾನು ಎಂದೋ ವಿಧವೆ. ಆದರೆ ನಮ್ಮ ದುಬ್ರೊವ್ನಿಕ್ಕಿನ ಲೆಕ್ಕವೇ ಬೇರೆ. ಇಗರ್ಜಿಯ ಗಂಟೆ ಬಾರಿಸುವವರೆಗೆ ಸತ್ತವನು ಸತ್ತಂತಲ್ಲ, ಹೆಣ ಸಿಗದವನ ಗಂಟೆಗೆ ಹೆತ್ತವಳು ಹೂಂ ಅನ್ನಬೇಕು. ನೀವು ಇವತ್ತಿನವರೆಗೆ ಅಂದಿಲ್ಲ. ಕಳೆದ ವಾರ ನಮ್ಮ ಪಾದ್ರಿ ದೋನ್ ಸ್ತಾನೆಯವರಿಗೆ ಫೋನ್ ಮಾಡಿ ಬೇಡಿಕೊಂಡೆ. "ಅನೂಲಾ ಹೂಂ ಅನ್ನದೆ ನಾನು ಹಗ್ಗ ಮುಟ್ಟಲ್ಲಮ್ಮ. ಅವಳ ಬಾಯಿಗೆ ಬೀಳೋ ಧೈರ್ಯ ನಂಗಿಲ್ಲ" ಎಂದರು.

ಫ್ರಾನೆ ಹೇಳುತ್ತಾನೆ, "ಗಂಟೆಯಿಲ್ಲದೇನೇ ಆಗೋಣ ಬಿಡು, ಇಲ್ಲಿ ಯಾರು ಕೇಳ್ತಾರೆ?" ಯಾರೂ ಕೇಳುವುದಿಲ್ಲ, ನಿಜ. ಕೇಳುವವಳು ನಾನೇ. ಆ ಇಗರ್ಜಿಯಲ್ಲಿ ಲೂಕ್ಷಾನ ಕೈ ಹಿಡಿದವಳು ನಾನು. ಅದರ ಗಂಟೆಯೇ ನನ್ನನ್ನು ಬಿಡಿಸಬೇಕು.

ಒಂದು ಮಾತು ಹೇಳಿ ಅತ್ತೆ. ಒಂದೇ ಮಾತು.

ನೆವೆಂಕಾ


ದುಬ್ರೊವ್ನಿಕ್
27 ಸೆಪ್ಟೆಂಬರ್ 1998

ನೆವೆಂಕಾ,

ಓದಿದೆ. ಒಲೆಗೆ ಹಾಕುವಷ್ಟು ಕೆಟ್ಟವಳಲ್ಲ ನಾನು.

ಒಂದೇ ಮಾತು ಕೇಳಿದ್ದೀಯ, ಇಗೋ ತೆಗೆದುಕೋ: ಇಲ್ಲ.

ಮದುವೆ ಬೇಕಾದರೆ ಆಗು. ಹತ್ತು ಸಲ ಆಗು. ಎಂಜಿನ್ ರಿಪೇರಿಯವನನ್ನೇ ಆಗು. ನನ್ನ ಮಗನ ಗಂಟೆಯ ಸುದ್ದಿಗೆ ಮಾತ್ರ ಬರಬೇಡ. ಬದುಕಿರುವವನಿಗೆ ಯಾರಾದರೂ ಸಾವಿನ ಗಂಟೆ ಬಾರಿಸುತ್ತಾರೆಯೇ?

ಇನ್ನು ನಾನು ಬರೆಯುವುದನ್ನು ಓದಿ ನಗುತ್ತೀಯೋ ಅಳುತ್ತೀಯೋ ನಿನಗೆ ಬಿಟ್ಟದ್ದು. ನಮ್ಮ ಅಡುಗೆಮನೆ ಕಿಟಕಿ ನಿನಗೆ ನೆನಪಿದೆಯಲ್ಲ? ಕೋಟೆಗೋಡೆಯ ಮೇಲೆ ನಡೆಯುವವರು ನೇರವಾಗಿ ನನ್ನ ಪಾತ್ರೆಯೊಳಗೆ ಇಣುಕುವ ಕಿಟಕಿ. ಈಗಂತೂ ಯುದ್ಧ ಮುಗಿಯಿತೆಂದು ಪ್ರವಾಸಿಗರ ಹಿಂಡು ಮತ್ತೆ ಶುರುವಾಗಿದೆ. ಮೊನ್ನೆ ಒಬ್ಬ ನನ್ನ ಒಳಲಂಗದ ಫೋಟೋ ತೆಗೆದ. "ತೆಗಿ ತೆಗಿ, ನಿನ್ನ ಹೆಂಡ್ತಿಗೂ ಅಳತೆ ಸರಿಹೋಗತ್ತೆ!" ಎಂದು ಕಿರುಚಿದೆ. ಅರ್ಥವಾಗದೆ ಕೈ ಬೀಸಿದ, ಪ್ರಾರಬ್ಧ.

ಸಂಜೆ ಕಾವಲುಗಾರ ಪಾಸ್ಕೊ ಒಂದು ಸುತ್ತು ಬಂದು ಎಲ್ಲರನ್ನೂ ಇಳಿಸಿ ಬಾಗಿಲುಗಳಿಗೆ ಬೀಗ ಹಾಕುತ್ತಾನೆ. ಆಮೇಲೆ ಗೋಡೆಯ ಮೇಲೆ ಒಂದು ನರಪಿಳ್ಳೆಯೂ ಇರುವುದಿಲ್ಲ. ಆಗ ಬರುತ್ತಾನೆ ಲೂಕ್ಷಾ. ಪ್ರವಾಸಿಗರನ್ನು ನಡೆಸುವ ದಿಕ್ಕಿನಲ್ಲಲ್ಲ, ಎದುರು ದಿಕ್ಕಿನಲ್ಲಿ, ಸಮುದ್ರದ ಕಡೆಯ ಕೊತ್ತಳದಿಂದ. ಅದೇ ನೀಲಿ ಕೋಟು, ತಲೆಯ ಮೇಲೆ ಅದೇ ಟೋಪಿ. ನನ್ನ ಕಿಟಕಿಯ ಮುಂದೆಯೇ ಹಾದುಹೋಗುತ್ತಾನೆ. ಕತ್ತಲಾಗುವ ಮೊದಲು ಮತ್ತೊಮ್ಮೆ ಹಾದುಹೋಗುತ್ತಾನೆ.

ಪಾಪದ ಹುಡುಗಿ, ನಿನಗೆ ಇದೆಲ್ಲ ಕಾಣುವುದಿಲ್ಲ. ನೀನು ಊರು ಬಿಟ್ಟು ಹೋದವಳು. ಇದ್ದವಳಿಗೆ ಮಾತ್ರ ಕಾಣುತ್ತಾನೆ.

ಅನೂಲಾ


ರಿಯೆಕಾ
10 ಅಕ್ಟೋಬರ್ 1998

ಅತ್ತೆ,

ಎರಡು ಸಲ ಬರೆದು ಹರಿದೆ. ಇದು ಮೂರನೆಯದು. ಇದರಲ್ಲೂ ಮರ್ಯಾದೆ ಉಳಿಯುವಂತೆ ಕಾಣುತ್ತಿಲ್ಲ.

ಊರು ಬಿಟ್ಟು ಹೋದವಳು ಅನ್ನುತ್ತೀರಿ. ಆ ಡಿಸೆಂಬರಿನಲ್ಲಿ ನೆಲಮಾಳಿಗೆಯಲ್ಲಿ ನಿಮ್ಮ ಪಕ್ಕ ಕೂತಿದ್ದವಳು ಯಾರು? ನಮ್ಮ ಮಾಡಿಗೆ ಬೆಂಕಿ ಬಿದ್ದಾಗ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿದವಳು ಯಾರು? ಸುಟ್ಟ ಹೆಂಚುಗಳು ಒಂದೊಂದಾಗಿ ಅಡುಗೆಮನೆಗೆ ಉದುರುತ್ತಿದ್ದಾಗ ನೀವು ಲೂಕ್ಷಾನ ಹೆಸರು ಹಿಡಿದು ಕೂಗುತ್ತಿದ್ದಿರಿ. ಪಕ್ಕದಲ್ಲಿದ್ದ ನನ್ನ ಹೆಸರು ಒಂದು ಸಲವೂ ನಿಮ್ಮ ಬಾಯಲ್ಲಿ ಬರಲಿಲ್ಲ. ನಾನು ಅದನ್ನು ಯಾರಿಗೂ ಹೇಳಿಲ್ಲ, ಇವತ್ತು ನಿಮಗೆ ಹೇಳುತ್ತಿದ್ದೇನೆ.

ಅವನು ಸತ್ತಿದ್ದಾನೆ ಅತ್ತೆ. ಗೋಡೆಯ ಮೇಲೆ ಇಲ್ಲ, ನೀರಿನ ಕೆಳಗೆ ಇದ್ದಾನೆ. ನಿಮ್ಮ ಕಣ್ಣಿನ ಡಾಕ್ಟರನ್ನು ನೋಡಿ. ಇಲ್ಲವೇ ತಲೆಯ ಡಾಕ್ಟರನ್ನು ನೋಡಿ.

ನೆವೆಂಕಾ


ದುಬ್ರೊವ್ನಿಕ್
22 ಅಕ್ಟೋಬರ್ 1998

ತಲೆಯ ಡಾಕ್ಟರಂತೆ! ಬಾಯಿ ನೋಡು ಇವಳದ್ದು.

ಪಾಸ್ಕೊನನ್ನು ಕೇಳಿದೆ. ಬೀಗದ ಕೈ ಗೊಂಚಲು ಅಲ್ಲಾಡಿಸುತ್ತಾ ಕೆಳಗೆ ಬರುತ್ತಿದ್ದವನನ್ನು ಕಿಟಕಿಯಿಂದಲೇ ನಿಲ್ಲಿಸಿದೆ.

"ಏ ಪಾಸ್ಕೊ, ಬಾಗ್ಲು ಹಾಕಿದ್ಮೇಲೆ ಮೇಲೆ ಯಾರಿರ್ತಾರೆ?"

"ಯಾರಿರ್ತಾರೆ, ನಿಮ್ಮಜ್ಜಿ! ಕಡಲಕಾಗೆ ಬಿಟ್ರೆ ಯಾರೂ ಇಲ್ಲ."

"ಸರಿಯಾಗ್ ನೋಡ್ತೀಯೇನೋ? ಕುಡ್ದಿರ್ತೀಯ."

"ಅನೂಲಾಕ್ಕಾ, ಕುಡಿದ್ರೆ ಇಬ್ಬಿಬ್ರು ಕಾಣ್ಬೇಕು. ನಂಗೆ ಒಬ್ರೂ ಕಾಣಲ್ಲ." ಆಮೇಲೆ ದನಿ ತಗ್ಗಿಸಿ ಹೇಳಿದ, "ಕಾಣಲ್ಲ ನಿಜ. ಆದ್ರೆ ನಿಮ್ಮನೆ ಹತ್ರ ಬರೋವಾಗ ಯಾರಿಗೋ ದಾರಿ ಬಿಡ್ಬೇಕು ಅನ್ಸತ್ತೆ. ಪಕ್ಕಕ್ಕೆ ಸರಿದು ನಿಂತ್ಕೋತೀನಿ. ಯಾಕೇಂತ ಕೇಳ್ಬೇಡಿ."

ಕೇಳಿಸಿಕೊಂಡೆಯಾ? ಪಾಸ್ಕೊನಿಗೂ ತಲೆಯ ಡಾಕ್ಟರು ಬೇಕೇನು?

ಬೆಳಗ್ಗೆ ಎದ್ದ ಕೂಡಲೇ ನಾನು ಬಿಳಿ ಹಾಸುಬಟ್ಟೆಯನ್ನು ಗೋಡೆಯ ಕಡೆಯ ಹಗ್ಗಕ್ಕೆ ಹಾಕುತ್ತೇನೆ. ನಮ್ಮ ಮನೆತನದಲ್ಲಿ ನಡೆದುಬಂದದ್ದೇ ಅದು, ನೀನೂ ಹಾಕಿದವಳು. ಗಂಡಸರ ಹಡಗು ಲೋಕ್ರುಮ್ ದ್ವೀಪ ದಾಟಿ ಬರುವಾಗ ಅದನ್ನು ನೋಡಿ ಮನೆಯವರು ಕ್ಷೇಮ, ಒಲೆ ಉರಿಯುತ್ತಿದೆ ಎಂದು ತಿಳಿದುಕೊಳ್ಳಬೇಕು. ಲೂಕ್ಷಾ ಬರುವುದು ಆ ಬಟ್ಟೆ ನೋಡಿಯೇ. ಅದನ್ನು ನಾನು ಒಂದು ದಿನವೂ ತಪ್ಪಿಸಿಲ್ಲ, ಜ್ವರ ಬಂದಾಗಲೂ.

ಹೆಸರು ಕೂಗಲಿಲ್ಲ ಎಂದೆ. ನನಗೆ ನೆನಪಿಲ್ಲ. ಕೂಗದೆ ಇದ್ದರೂ ಇರಬಹುದು.

ಅನೂಲಾ


ರಿಯೆಕಾ
3 ನವೆಂಬರ್ 1998

ಅತ್ತೆ,

ನಿನ್ನೆ ಸತ್ತವರ ಹಬ್ಬ. ಸಮಾಧಿಯಿರುವವರೆಲ್ಲ ಹೂ ಹಿಡಿದು ಸ್ಮಶಾನಕ್ಕೆ ಹೋದರು. ನಾನು ಬಂದರಿನ ಕಟ್ಟೆಗೆ ಹೋಗಿ ಒಂದು ಹೂಮಾಲೆಯನ್ನು ನೀರಿಗೆ ಬಿಟ್ಟೆ. ಫ್ರಾನೆ ದೂರದಲ್ಲಿ ನಿಂತಿದ್ದ. ನನ್ನ ಹತ್ತಿರ ಬರಲಿಲ್ಲ, ಬಾ ಎಂದು ಕರೆಯಲೂ ಇಲ್ಲ. ಮಾಲೆ ಅಲೆಗೆ ಸಿಕ್ಕಿ ಮತ್ತೆ ಮತ್ತೆ ಕಟ್ಟೆಗೇ ಬಂದು ತಾಗುತ್ತಿತ್ತು. ಕೊನೆಗೆ ಅವನೇ ಒಂದು ಕೋಲು ತಂದು ಆಚೆಗೆ ನೂಕಿದ. ನನಗೆ ಅಳು ತಡೆಯಲಾಗಲಿಲ್ಲ.

ಒಂದು ವಿಷಯ ಮೊದಲ ಪತ್ರದಲ್ಲೇ ಬರೆಯಬೇಕಿತ್ತು, ಆಗ ನನಗೇ ಖಾತ್ರಿಯಿರಲಿಲ್ಲ. ನಾನು ಬಸುರಿ. ಮೇ ತಿಂಗಳಲ್ಲಿ ಹೆರಿಗೆ. ಹುಟ್ಟುವ ಮಗುವಿನ ತಾಯಿ ಯಾರ ಹೆಂಡತಿ ಎಂಬುದು ಅಷ್ಟರೊಳಗೆ ನನಗೆ ಗೊತ್ತಾಗಬೇಕು. ಊರಿಗಲ್ಲ, ನನಗೆ.

ಅಕ್ಟೋಬರಿನಲ್ಲಿ ಸಿಟ್ಟಿನಲ್ಲಿ ಬರೆದೆ. ಈಗ ನಿಜ ಹೇಳುತ್ತೇನೆ. ನಾನು ನಿಮ್ಮನ್ನು ನಂಬುತ್ತೇನೆ. ನನ್ನ ಕನಸಿನಲ್ಲೂ ಅವನು ನಡೆಯುತ್ತಲೇ ಇರುತ್ತಾನೆ. ಮದುವೆಯ ಮಾತು ಎತ್ತಿದಾಗಲೆಲ್ಲ ಬರುತ್ತಾನೆ. ನನ್ನ ಮೇಲೆ ಕೋಪವಿಲ್ಲ, ಮಾತೂ ಇಲ್ಲ, ಬರೀ ನಡಿಗೆ.

ನಿಮ್ಮನ್ನು ಒಂದು ಕೇಳಲೇ? ನಿಮ್ಮ ಮಗ ಬರುತ್ತಾನೆಂದು ಅಷ್ಟು ಹೆಮ್ಮೆಯಿಂದ ಬರೆದಿದ್ದೀರಿ. ಕಿಟಕಿಯ ಮುಂದೆಯೇ ಹೋಗುತ್ತಾನೆ ಎನ್ನುತ್ತೀರಿ. ಒಂದು ಸಲವಾದರೂ ಒಳಗೆ ನೋಡಿದ್ದಾನಾ? ಅವನ ಮುಖ ಹೇಗಿದೆ? ದಣಿದಿದ್ದಾನಾ ಅತ್ತೆ?

ನೆವೆಂಕಾ


ದುಬ್ರೊವ್ನಿಕ್
19 ನವೆಂಬರ್ 1998

ನೆವೆಂಕಾ,

ಬಸುರಿಯೆಂದು ಓದಿ ಕುರ್ಚಿಯ ಮೇಲೆ ಕೂತವಳು ಒಲೆಯ ಮೇಲಿನದು ಸೀದ ಮೇಲೇ ಎದ್ದದ್ದು. ಖುಷಿಯಾಯಿತೋ ಹೊಟ್ಟೆ ಉರಿಯಿತೋ ಕೇಳಬೇಡ, ಎರಡೂ ಆಯಿತು. ನಿನಗೆ ನನ್ನ ಲೂಕ್ಷಾನ ಮಗುವಾಗಲಿ ಎಂದು ಆಗ ಎಷ್ಟು ಮೇಣದಬತ್ತಿ ಹಚ್ಚಿದ್ದೆ. ಭಾರ ಎತ್ತಬೇಡ. ಕಹಿಕಿತ್ತಳೆ ಸಿಪ್ಪೆಯ ಮಿಠಾಯಿ ಕಳಿಸಿದ್ದೇನೆ, ಬೆಳಗಿನ ವಾಕರಿಕೆಗೆ ಒಂದೊಂದು ಚೂರು ಬಾಯಿಗೆ ಹಾಕಿಕೋ.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಕೈ ಬರುತ್ತಿಲ್ಲ.

ಬಂದನಲ್ಲ, ಅಷ್ಟು ಸಾಕು ಎಂದು ಇಷ್ಟು ದಿನ ಕೋಟು ನೋಡಿದೆ, ಟೋಪಿ ನೋಡಿದೆ. ನಿನ್ನ ಪತ್ರ ಬಂದ ಮೇಲೆ ಮುಖ ನೋಡಿದೆ. ದಣಿದಿದ್ದಾನೆ ಕಣೇ. ಕೆನ್ನೆ ಬತ್ತಿಹೋಗಿದೆ. ಬೂಟಿನ ಅಟ್ಟೆ ಸವೆದು ಕಾಲೇ ಕಲ್ಲಿಗೆ ತಾಗುತ್ತಿದೆ. ಹತ್ತು ಹೆಜ್ಜೆಗೊಮ್ಮೆ ನಿಂತು ಗೋಡೆಯ ಮೇಲೆ ಕೈಯೂರಿ ಊರ ಕಡೆ ಬಗ್ಗಿ ಬಗ್ಗಿ ನೋಡುತ್ತಾನೆ. ಒಂದು ಮನೆ, ಅದರ ಪಕ್ಕದ ಮನೆ, ಅದರಾಚೆಯದು. ನನ್ನ ಮನೆಯನ್ನೂ ನೋಡಿದ. ನೋಡಿ ತಲೆಯಲ್ಲಾಡಿಸಿ ಮುಂದೆ ಹೋದ.

"ಲೂಕ್ಷಾ!" ಎಂದು ಕೂಗಿದೆ. ಗಾಳಿ ಕೂಗಿದಾಗ ತಿರುಗುವಂತೆ ತಿರುಗಿದ, ಅಷ್ಟೇ.

ಸ್ವಂತ ಮನೆಯನ್ನು ನೋಡಿ ತಲೆಯಲ್ಲಾಡಿಸಿ ಹೋಗುವಂಥದ್ದು ನಾನೇನು ಮಾಡಿದ್ದೇನೆ? ನನ್ನ ಮೇಲೆ ಮುನಿಸೇ? ನಿನಗೇನಾದರೂ ಗೊತ್ತಿದ್ದರೆ ಬೇಗ ಬರಿ.

ಅನೂಲಾ


ರಿಯೆಕಾ
30 ನವೆಂಬರ್ 1998

ಅತ್ತೆ,

ಮುನಿಸಲ್ಲ. ಅವನಿಗೆ ಮನೆ ಸಿಗುತ್ತಿಲ್ಲ.

ಅವನು ಕೊನೆಯ ಸಲ ಹಡಗು ಹತ್ತಿದ್ದು ಯುದ್ಧಕ್ಕೆ ಮೊದಲು, ಮೇ ತಿಂಗಳಲ್ಲಿ. ಆಗ ನಮ್ಮ ಮಾಡು ಹೇಗಿತ್ತು? ಹಳೇ ಹೆಂಚು, ಪಾಚಿ ಹಿಡಿದು ಕಂದು, ಮಾವ ತೇಪೆ ಹಾಕಿದ ಜಾಗದಲ್ಲಿ ಹಸಿರು. "ದ್ವೀಪ ದಾಟಿದ ಕೂಡ್ಲೇ ನಂಗೆ ನಮ್ಮ ಮಾಡು ಕಾಣತ್ತೆ, ಇಡೀ ಊರಲ್ಲಿ ಅಂಥ ಕೊಳಕು ಮಾಡು ಇನ್ನೊಂದಿಲ್ಲ" ಎಂದು ನನ್ನನ್ನು ರೇಗಿಸುತ್ತಿದ್ದ. ಅದು ಸುಟ್ಟುಹೋಯಿತು. ಈಗ ಊರಿಗೆ ಊರೇ ಹೊಸ ಹೆಂಚು, ಒಂದೇ ಕೆಂಪು. ಅದರಲ್ಲಿ ಯಾವುದು ಯಾರ ಮನೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು?

ಬಟ್ಟೆ ಹಾಕುತ್ತೇನೆ ಎಂದಿರಿ. ಈಗ ನಿಮ್ಮ ಬೀದಿಯಲ್ಲಿ ಮನೆಮನೆಯಲ್ಲೂ ಪ್ರವಾಸಿಗರಿಗೆ ಕೋಣೆ ಬಾಡಿಗೆಗಿದೆ ಅಲ್ಲವಾ? ದಿನಾ ಎಷ್ಟು ಬಿಳಿ ಹಾಸುಬಟ್ಟೆ ಹಗ್ಗದ ಮೇಲೆ ಆಡುತ್ತವೆ, ಕಿಟಕಿಯಿಂದ ಒಮ್ಮೆ ನೋಡಿ.

ನೀವು ಗೋಡೆ ಹತ್ತಿ ಅವನ ಕೈ ಹಿಡಿದು ಮನೆ ತೋರಿಸಿದರೆ ಬಂದೇ ಬರುತ್ತಾನೆ. ಬರಲಿ. ಏಳು ವರ್ಷದಿಂದ ನಡೆಯುತ್ತಿದ್ದಾನೆ, ಕೂತುಕೊಳ್ಳಲಿ ಪಾಪ. ಆದರೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಅವನು ಮನೆಯೊಳಗೆ ಬಂದು ಕೂತ ಮೇಲೆ ಗಂಟೆ ಬಾರಿಸುವ ಮಾತೇ ಇಲ್ಲ. ಗಂಡ ಮನೆಯಲ್ಲಿರುವಾಗ ನಾನು ಇನ್ನೊಬ್ಬನ ಪಕ್ಕ ನಿಂತು ಹೂಂ ಅನ್ನಲಾರೆ. ಫ್ರಾನೆಗೆ ಹೋಗು ಎನ್ನುತ್ತೇನೆ. ಮಗುವನ್ನು ಒಬ್ಬಳೇ ಸಾಕುತ್ತೇನೆ. ಇದು ಬೆದರಿಕೆಯಲ್ಲ ಅತ್ತೆ, ನನ್ನ ಸ್ವಭಾವ ನಿಮಗೆ ಗೊತ್ತು.

ಅವನು ನಿಮ್ಮ ಮಗ. ನಿಮ್ಮಿಷ್ಟ.

ನೆವೆಂಕಾ


ದುಬ್ರೊವ್ನಿಕ್
18 ಡಿಸೆಂಬರ್ 1998

ನೆವೆಂಕಾ, ಮಗಳೇ,

ಇಷ್ಟು ದಿನ ಯಾಕೆ ಬರೆಯಲಿಲ್ಲವೆಂದರೆ, ತೋರಿಸಬೇಕೆಂದೇ ಹೊರಟಿದ್ದೆ. ಮುಚ್ಚುಮರೆ ಯಾಕೆ? ನಿನ್ನ ಪತ್ರ ಓದಿದ ಮೇಲೂ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಹೋಗಲಿ ಅವಳು, ಮಗ ಮನೆಗೆ ಬರಲಿ. ಅವನ ಹಾಸಿಗೆ ಬಿಸಿಲಿಗೆ ಹಾಕಿದೆ. ಹೊಗೆಯಾಡಿಸಿದ ಕುರಿಮಾಂಸ ಹಾಕಿ ಕೋಸಿನ ಸಾರು ಮಾಡಿದೆ, ಅವನಿಗೆ ಬೇಕಾದ ಹಾಗೆ, ಕೊಬ್ಬು ಜಾಸ್ತಿ. ತಿನ್ನುತ್ತಾನೋ ಇಲ್ಲವೋ ದೇವರಿಗೇ ಗೊತ್ತು, ಮಾಡಿದೆ.

ಪಾಸ್ಕೊನ ಹತ್ತಿರ ಹೋದೆ. "ಪಾಸ್ಕೊ, ಇವತ್ತು ಬೀಗ ಹಾಕೋ ಮುಂಚೆ ನನ್ನನ್ನ ಗೋಡೆ ಹತ್ತೋಕೆ ಬಿಡು" ಎಂದೆ.

"ಹುಟ್ಟಿದಾಗಿಂದ ಗೋಡೆ ಕೆಳಗಿದ್ದೋರು, ಒಂದಿನ ಹತ್ತಿದ್ದು ಕಾಣೆ. ಇವತ್ತೇನು ಗಾಳಿ ಬೀಸ್ತು?"

"ಬಾಯ್ಮುಚ್ಕೊಂಡು ಬಿಡ್ತೀಯೋ, ನಿನ್ ಹೆಂಡ್ತಿ ಕೈಲಿ ಹೇಳಿಸ್ಬೇಕೋ?"

"ಅಯ್ಯೋ ಹತ್ತಿ ತಾಯಿ, ಹತ್ತಿ. ಬಿದ್ದು ನನ್ ಹೊಟ್ಟೆ ಮೇಲೆ ಹೊಡೀಬೇಡಿ."

ಮೆಟ್ಟಿಲು ಹತ್ತುವಷ್ಟರಲ್ಲಿ ಉಸಿರು ಬಾಯಿಗೆ ಬಂತು. ಮೇಲೆ ನಿಂತು ಊರ ಕಡೆ ನೋಡಿದೆ. ದೇವರಾಣೆ, ನನಗೇ ನನ್ನ ಮನೆ ಸಿಗಲಿಲ್ಲ. ಎಲ್ಲ ಕೆಂಪು, ಎಲ್ಲ ಒಂದೇ. ಹಗ್ಗದ ತುಂಬ ಯಾರ್ಯಾರದ್ದೋ ಬಿಳಿ ಬಟ್ಟೆ. ಅಡುಗೆಮನೆಯ ದೀಪ ಹಚ್ಚಿಟ್ಟು ಬಂದಿದ್ದೆ, ಆ ದೀಪದಿಂದ ಗುರುತು ಹಿಡಿದೆ. ಇಷ್ಟು ವರ್ಷ ನನ್ನ ಬಟ್ಟೆ ನೋಡಿ ಬರುತ್ತಾನೆಂದು ಬೀಗುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಕೊತ್ತಳದ ಕಡೆಯಿಂದ ಬಂದ. ನಾನು ದಾರಿಗೆ ಅಡ್ಡ ನಿಂತೆ. ಟೋಪಿ ತೆಗೆದ. ಎಷ್ಟು ಚಿಕ್ಕವನು ಕಣೇ! ನಮ್ಮಿಬ್ಬರಿಗೂ ವಯಸ್ಸಾಯಿತು, ಅವನು ಹೋದ ಹಾಗೇ ಇದ್ದಾನೆ, ಇಪ್ಪತ್ತೆಂಟರ ಹುಡುಗ.

"ಅಜ್ಜೀ, ನೀವು ಈ ಊರಿನವ್ರೇನಾ?" ಎಂದ.

ಅಜ್ಜಿ ಎಂದ ನನ್ನನ್ನು. ಅವನು ಹೋಗುವಾಗ ನನ್ನ ತಲೆಯಲ್ಲಿ ಒಂದು ಬಿಳಿ ಕೂದಲಿರಲಿಲ್ಲ. ಹೂಂ ಎಂದೆ.

"ಇಲ್ಲೇ ಗೋಡೆ ಪಕ್ಕ ಅನೂಲಾ ಅಂತ ಇದ್ದಾರೆ. ಅವ್ರ ಮನೆ ಯಾವ್ದು ಗೊತ್ತಾ? ಎಷ್ಟು ಸುತ್ತಿದ್ರೂ ಸಿಗ್ತಾನೇ ಇಲ್ಲ. ಕಾಲು ಸೋತೋಯ್ತು."

ಅವನ ಭುಜದ ಹಿಂದೆಯೇ ನನ್ನ ಕಿಟಕಿ. ಸಾರಿನ ವಾಸನೆ ನನ್ನ ಮೂಗಿಗೆ ಬರುತ್ತಿತ್ತು. ಕೈ ಎತ್ತಿ ತೋರಿಸಬೇಕು, ಅಷ್ಟೇ. ಕೈ ಎತ್ತಿದೆ ಕೂಡ. ಆಗ ಅವನ ಕಾಲು ನೋಡಿದೆ. ಒಳಗೆ ಬಂದು ಕೂತರೆ ಮತ್ತೆ ಏಳುವವನಲ್ಲ. ನಾನು ಇನ್ನೆಷ್ಟು ದಿನ ಇರುತ್ತೇನೆ? ನಾನು ಹೋದ ಮೇಲೆ ಆ ಮನೆಯನ್ನು ಯಾರೋ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾರೆ, ಇವನು ಅಪರಿಚಿತರ ನಡುವೆ ಅಡುಗೆಮನೆಯ ಮೂಲೆಯಲ್ಲಿ ಕೂತಿರುತ್ತಾನೆ, ನೀನು ಅಲ್ಲಿ ಒಬ್ಬಳೇ ಮಗು ಹೊತ್ತು ಕೂತಿರುತ್ತೀಯ. ಇದೆಲ್ಲ ಯಾರಿಗೋಸ್ಕರ? ನನಗೊಬ್ಬಳಿಗೋಸ್ಕರ.

ಕೈ ಕೆಳಗಿಳಿಸಿದೆ. "ಅನೂಲಾನಾ? ಅವಳು ಹೋದಳಪ್ಪ. ಗುಂಡು ಬಿದ್ದ ಡಿಸೆಂಬರಲ್ಲಿ. ಮನೇನೂ ಸುಟ್ಟೋಯ್ತು. ಈಗ ಅಲ್ಲಿ ಯಾರೂ ಇಲ್ಲ."

ಟೋಪಿಯನ್ನು ಎರಡೂ ಕೈಯಲ್ಲಿ ತಿರುಗಿಸುತ್ತಿದ್ದ. "ತುಂಬಾ ಕಷ್ಟಪಟ್ಳಾ?" ಎಂದು ಕೇಳಿದ.

"ಇಲ್ಲ ಕಂದಾ. ಅವಳಿಗೆ ಗೊತ್ತೇ ಆಗ್ಲಿಲ್ಲ."

"ಅವಳ ಸೊಸೆ ಒಬ್ಳಿದ್ಳು, ನೆವೆಂಕಾ."

"ಅವಳು ಬದುಕಿದ್ದಾಳೆ. ಮಾಡಿಗೆ ಬೆಂಕಿ ಬಿದ್ದಾಗ ಬಕೆಟ್ ಹಿಡ್ಕೊಂಡು ಹತ್ತಿದ ಹುಡುಗಿ ಅವಳು, ಸಾಯ್ತಾಳಾ? ಈಗ ರಿಯೆಕಾದಲ್ಲಿದ್ದಾಳೆ. ಮದುವೆ ಆಗ್ತಾ ಇದಾಳೆ."

"ಹುಡುಗ ಒಳ್ಳೆಯವ್ನಾ?"

"ದೋಣಿ ಎಂಜಿನ್ ರಿಪೇರಿ ಮಾಡ್ತಾನಂತೆ. ಮಾತು ಕಡ್ಮೆಯಂತೆ."

ನಕ್ಕ ಕಣೇ. ನಿನಗೆ ಗೊತ್ತಲ್ಲ ಅವನು ನಗುವ ರೀತಿ, ಒಂದು ಕಡೆ ತುಟಿ ಮೇಲೆ ಹೋಗುತ್ತದೆ. "ಸರಿಹೋಯ್ತು. ಅವಳು ಇಬ್ಬರ ಮಾತೂ ಆಡ್ತಾಳೆ" ಎಂದ. ಆಮೇಲೆ ಕಣ್ಣೊರೆಸಿಕೊಂಡು ಶಿಲುಬೆಯ ಗುರುತು ಮಾಡಿಕೊಂಡ, ನನಗಾಗಿ, ಸತ್ತ ತಾಯಿಗಾಗಿ. "ಹಾಗಾದ್ರೆ ನಂಗಿಲ್ಲಿ ಕೆಲ್ಸ ಇಲ್ಲ. ಬರ್ತೀನಜ್ಜಿ, ಚಳಿ ಇದೆ, ನೀವೂ ಮನೆಗೆ ಹೋಗಿ" ಎಂದ. ಬಂದ ದಾರಿಗೇ ತಿರುಗಿ ನಡೆದ. ಬಾಯಿಗೆ ತಲೆವಸ್ತ್ರದ ತುದಿ ತುರುಕಿಕೊಂಡು ನಿಂತೆ, ಎಲ್ಲಿ ಕೂಗಿಬಿಡುತ್ತೇನೋ ಎಂದು. ಕೊತ್ತಳದ ತಿರುವಿನಲ್ಲಿ ಮರೆಯಾದ.

ಪಾಸ್ಕೊ ನನ್ನನ್ನು ಹೊತ್ತುಕೊಂಡೇ ಕೆಳಗಿಳಿಸಬೇಕಾಯಿತು.

ಮರುದಿನ ದೋನ್ ಸ್ತಾನೆಯವರ ಬಾಗಿಲು ತಟ್ಟಿ ಹೂಂ ಎಂದೆ. ಇವತ್ತು ಬೆಳಗ್ಗೆ ಗಂಟೆ ಬಾರಿಸಿದರು. ಬೀದಿಯಲ್ಲಿ ಹೆಂಗಸರು ಕಿಟಕಿ ತೆಗೆದು "ಯಾರು ಹೋದ್ರು? ಯಾರು ಹೋದ್ರು?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ನಾನೂ ಕಿಟಕಿ ತೆಗೆದೆ. "ನನ್ನ ಮಗ" ಎಂದು ಹೇಳಿದೆ.

ಮದುವೆಗೆ ಬರುತ್ತೇನೆ, ಕರೆದರೆ.

ಅನೂಲಾ